ಅರುಂಧತಿ ಯಾವ ಬಾಜು?

ಎಂಟು ದಿನದ ಮಳೆಯ ನಂತರ ಅವತ್ತು ಬಿಸಿಲು ಬಿದ್ದಿತ್ತು. ಗಣಪತಿ ಕಳಿಸಿ ಇನ್ನೂ ವಾರವಾಗಿರಲಿಲ್ಲ. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಎರಡು ಹಗ್ಗದ ತುಂಬ ಫಾಲ್ ಪಟ್ಟಿಗಳನ್ನು ಒಣಗಹಾಕಿದ್ದೆವು. ಸೀರೆಯ ಅಂಚಿಗೆ ಒಳಗಿನಿಂದ ಹಚ್ಚುವ ಆ ಬಟ್ಟೆಯ ಪಟ್ಟಿಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸೀರೆಯನ್ನು ಜಗ್ಗುತ್ತದೆ. ಮಳೆಗಾಲದಲ್ಲಿ ನಮ್ಮ ಕೆಲಸ ನಿಲ್ಲುತ್ತಿದ್ದುದು ಈ ಪಟ್ಟಿಗಳು ಒಣಗದೆ.

ನಾವು ಎಂದರೆ ನಾನು ಮತ್ತು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಇಬ್ಬರೂ ಕೂಡಿ ಪಿಕೋ–ಫಾಲ್ ಕೆಲಸ ಮಾಡಿದೆವು. ಸೆರಗಿನ ಅಂಚು ಸುತ್ತಿ ಹೊಲಿಯುವ ಪಿಕೋ ಮಷಿನ್ ನನ್ನದು, ಫಾಲ್ ಹಚ್ಚುವ ಕೈಹೊಲಿಗೆ ಅವಳದು.

ಸಂಜೆ ಪಟ್ಟಿ ತೆಗೆಯಲು ಮೇಲೆ ಹೋದಾಗ ಕರೆಂಟು ಹೋಯಿತು. ಓಣಿಯೆಲ್ಲ ಕಪ್ಪಾಯಿತು.

"ಕರೆಂಟ್ ಹ್ವಾದ್ರ ಚಿಕ್ಕಿಗೋಳಿಗೆ ಹಬ್ಬ ನೋಡ ತಂಗಿ," ಎಂದಳು ಅಕ್ಕ. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತಾರೆ. ವಾಯವ್ಯಕ್ಕೆ ಮೋಡ ಸರಿದು ಸಪ್ತರ್ಷಿಗಳ ಬಾಲ ಕಾಣುತ್ತಿತ್ತು. ನನ್ನ ಎರಡೂ ತೋಳಿನ ಮೇಲೆ ಪಟ್ಟಿಗಳು ಜೋತುಬಿದ್ದಿದ್ದವು. ಹಳೆಯ ರೂಢಿಯಂತೆ ಕೇಳಿದೆ.

"ಅರುಂಧತಿ ಕಂಡ್ತೇನಕ್ಕಾ?"

"ಕಂಡ್ತು."

"ಯಾವ ಬಾಜು?"

"ಯಾವ ಬಾಜು ಅಂದ್ರ? ಕೆಳಗ, ಒಂಚೂರು ಬಲಕ್ಕ. ಎಲ್ಲಿ ಹೋಗತೈತಿ ಅದು, ನಿನ್ನಂಗ ವರ್ಷಕ್ಕ ಮೂರು ಸಲ ತವರಮನಿಗೆ?"

ನಕ್ಕೆವು. ಕೆಳಗೆ ಬಂದು ಮೇಣದಬತ್ತಿ ಹಚ್ಚಿ ಪಟ್ಟಿಗಳನ್ನು ಬಣ್ಣದ ಪ್ರಕಾರ ಜೋಡಿಸಿದೆವು. ಜೋಡಿಸಿದವಳು ನಾನು. ಅವಳು ಕೊಡುತ್ತಾ ಹೋದಳು. ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದು ಮಲಗಿದೆವು. ಆ ದಿನದ ಬಗ್ಗೆ ಹೇಳಲು ಬೇರೇನೂ ಇಲ್ಲ. ಅದು ಅಷ್ಟು ಸಾದಾ ದಿನ.

ಅರುಂಧತಿಯ ರೂಢಿ ಶುರುವಾದದ್ದು ನನ್ನ ಮದುವೆಯಲ್ಲಿ. ಮೇ ತಿಂಗಳು, ಮಧ್ಯಾಹ್ನ ಒಂದೂವರೆ ಗಂಟೆ. ಭಟ್ಟರು ನಮ್ಮಿಬ್ಬರನ್ನು ಮಂಟಪದ ಹೊರಗೆ ಕರೆತಂದು ಆಕಾಶದತ್ತ ಬೆರಳು ಮಾಡಿ, ಅಗೋ ವಸಿಷ್ಠ, ಅವನ ಮಗ್ಗುಲಲ್ಲಿ ಅರುಂಧತಿ, ಕಂಡಳೇ ಎಂದು ಕೇಳಿದರು. ನಾನು ಹತ್ತನೆಯ ಇಯತ್ತೆ ಓದಿದವಳು. ಹಗಲಲ್ಲಿ ನಕ್ಷತ್ರ ಕಾಣುವುದಿಲ್ಲ ಎಂದು ಗೊತ್ತಿತ್ತು. ಆದರೆ ಕೇಳುತ್ತಿದ್ದಾರೆ ಎಂದರೆ ಏನೋ ಇರಬೇಕು ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಸೂರ್ಯನ ಝಳಕ್ಕೆ ನೀರು ಬಂತು.

"ಇಲ್ರಿ, ಕಾಣವಲ್ದು," ಎಂದೆ.

ಅತ್ತೆಯ ಮುಖ ಇಳಿಯಿತು. ಹಿಂದೆ ನಿಂತಿದ್ದ ಅಕ್ಕ ನನ್ನ ಸೊಂಟ ಚಿವುಟಿ ಕಿವಿಯಲ್ಲಿ ಹೇಳಿದಳು: "ಕಂಡ್ತು ಅನ್ನ, ಹುಚ್ಚಿ. ಭಟ್ಟರಿಗೆ ಹಸದೈತಿ."

"ಕಂಡ್ತ್ರಿ," ಎಂದೆ. ಎಲ್ಲರೂ ಅಕ್ಷತೆ ಹಾಕಿದರು.

ಅತ್ತೆಯ ಮುಖ ಯಾಕೆ ಇಳಿಯಿತು ಎಂದು ಆಮೇಲೆ ತಿಳಿಯಿತು. ಅರುಂಧತಿ ಕಾಣದವರು ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ ಎಂಬ ಮಾತನ್ನು ಅವರು ನಂಬಿದ್ದರು. ಮದುವೆಯಾದ ವಾರದಲ್ಲೇ ಅದನ್ನು ನನಗೂ ಹೇಳಿದರು. ನಾನು ರೊಟ್ಟಿ ಬಡಿಯುವುದು ಬಿಟ್ಟು ಅಳುತ್ತಾ ಕುಳಿತೆ. ಅವತ್ತು ದೀಪ ಹಚ್ಚಿದ ಮೇಲೆ ಅಕ್ಕ ನನ್ನನ್ನು ಮಾಳಿಗೆಗೆ ಎಳೆದುಕೊಂಡು ಹೋದಳು. ಅವಳದು ಖಾನಾಪುರ ತಾಲೂಕಿನ ಗುಂಜಿ, ಕಾಡಂಚಿನ ಊರು. ನಕ್ಷತ್ರ ಗುರುತಿಸುವುದು ಅವಳಿಗೆ ಬಾಗಿಲು ತೆರೆದಷ್ಟು ಸಲೀಸು. ಉತ್ತರಕ್ಕೆ, ಸೌಟಿನಂತೆ ಕಾಣುವ ಸಪ್ತರ್ಷಿಗಳ ಕಡೆ ತಿರುಗಿಸಿ ನಿಲ್ಲಿಸಿ, ನನ್ನ ಗದ್ದ ಹಿಡಿದು ಎತ್ತಿದಳು.

"ಸೌಟಿನ ಹಿಡಿಕಿ ಕಂಡ್ತ? ತುದಿಯಿಂದ ಎರಡನೇ ಚಿಕ್ಕಿ. ಅದರ ಕೆಳಗ, ಒಂಚೂರು ಬಲಕ್ಕ. ತಾಯಿ ಸೀರಿ ನಿರಿಗಿ ಹಿಡದ ಕೂಸಿನಂಗ."

ನೋಡುತ್ತಾ ನಿಂತೆ. ಒಂದಾಗಿದ್ದುದು ಎರಡಾಯಿತು. ದೊಡ್ಡದರ ಕೆಳಗೆ ಸಾಸಿವೆಯಷ್ಟು ಸಣ್ಣದು. ನನಗೆ ಆದ ಸಂತೋಷಕ್ಕೆ ಅವಳ ಕೈ ಹಿಡಿದು ಕುಣಿದೆ. ಅಂದಿನಿಂದ ಪ್ರತಿ ಬೇಸಿಗೆ, ಮದುವೆಯ ಸೀರೆಗಳ ಗದ್ದಲದ ನಡುವೆ, ಸಂಜೆ ಪಟ್ಟಿ ತೆಗೆಯುವಾಗ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಕಂಡ್ತೇನು, ಯಾವ ಬಾಜು. ಮೊದಮೊದಲು ಅಂಜಿಕೆಗೆ, ಆಮೇಲೆ ಚೇಷ್ಟೆಗೆ.

ಆ ಸಾದಾ ದಿನದ ಮರುದಿನ ಬಿಸಿಲು ಇನ್ನೂ ಚುರುಕಾಗಿತ್ತು. ಉಳಿದ ಪಟ್ಟಿಗಳನ್ನು ಹಾಕಿ ಬರುತ್ತೇನೆಂದು ಅಕ್ಕ ಮಧ್ಯಾಹ್ನ ಮೇಲೆ ಹೋದಳು. ನಮ್ಮ ಮೆಟ್ಟಿಲು ಒಳಗಡೆಯದು, ಹಗಲಲ್ಲೂ ಕತ್ತಲು. ಬಿಸಿಲಿನಿಂದ ಆ ಕತ್ತಲೆಗೆ ಇಳಿಯುವಾಗ ಅವಳು ಕಾಲಿಟ್ಟ ಕಡೆ ಮೆಟ್ಟಿಲು ಇರಲಿಲ್ಲ. ಮಷಿನ್ ಸದ್ದಿನಲ್ಲಿ ನನಗೆ ಬಿದ್ದದ್ದು ಕೇಳಿಸಲಿಲ್ಲ. ಖಾಲಿ ಬಕೆಟ್ ಉರುಳಿ ಬಾಗಿಲಿಗೆ ಬಡಿದದ್ದು ಕೇಳಿಸಿತು.

ತಲೆಗೆ ಪೆಟ್ಟಾಗಿತ್ತು. ಮೂರು ದಿನ ದವಾಖಾನೆಯಲ್ಲಿದ್ದಳು. ಎರಡನೆಯ ದಿನ ಒಬ್ಬ ವೈದ್ಯೆ ಟಾರ್ಚ್ ಹಿಡಿದು ಅವಳ ಕಣ್ಣು ನೋಡಿ ನನ್ನ ಕಡೆ ತಿರುಗಿದರು.

"ಎರಡೂ ಕಣ್ಣಿಗೆ ಪೊರೆ ಬಂದೈತ್ರಿ. ಚಲೋನ ಬಲತೈತಿ. ಮನಿಯಾಗ ಯಾರಿಗೂ ಗೊತ್ತಿರಲಿಲ್ಲೇನು?"

"ಹಂಗಿರಾಕ ಸಾಧ್ಯ ಇಲ್ರಿ," ಎಂದೆ. "ಮೊನ್ನೆ ಸಂಜಿಗೆ ಅರುಂಧತಿ ನಕ್ಷತ್ರ ನೋಡ್ಯಾಳ."

ಅವರು ಟಾರ್ಚ್ ಆರಿಸಿ ಮುಂದಿನ ಮಂಚಕ್ಕೆ ಹೋದರು. ಮೂರನೆಯ ದಿನ ನಸುಕಿನಲ್ಲಿ ಅಕ್ಕ ತೀರಿಕೊಂಡಳು.

ಸೂತಕದ ದಿನಗಳು ಮುಗಿದ ಮೇಲೆ ಅವಳ ಹೊಲಿಗೆ ಡಬ್ಬಿ ತೆಗೆದೆ. ಸೂಜಿಮೆತ್ತೆಯ ಮೇಲೆ ದಾರ ಪೋಣಿಸಿದ ಏಳು ಸೂಜಿ ಉಳಿದಿದ್ದವು. ಪೋಣಿಸಿದವಳು ನಾನೇ. ಒಂದೂವರೆ ವರ್ಷದಿಂದ ಪ್ರತಿ ಬೆಳಿಗ್ಗೆ ಹನ್ನೆರಡು ಸೂಜಿ ಪೋಣಿಸಿ ಇಡು ಎನ್ನುತ್ತಿದ್ದಳು. "ನಡು ನಡುವ ಪೋಣಿಸಿಕೋತ ಕುಂತ್ರ ಕೈ ಓಟ ತಪ್ಪತೈತಿ," ಎಂಬ ಕಾರಣ ಕೊಟ್ಟಿದ್ದಳು. ಒಳ್ಳೆಯ ಶಿಸ್ತು ಎಂದುಕೊಂಡಿದ್ದೆ. ಜೂನ್ ತಿಂಗಳಲ್ಲಿ ಒಂದು ಹಸಿರು ಶಹಾಪುರ ಸೀರೆಗೆ ನೀಲಿ ಫಾಲ್ ಹಚ್ಚಿಬಿಟ್ಟಿದ್ದಳು. ಬಿಚ್ಚುತ್ತಾ ಇಬ್ಬರೂ ನಕ್ಕಿದ್ದೆವು. ಅಂದಿನಿಂದ ಬಣ್ಣ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಕೊನೆಗೆ ಹಿಡಿದಿದ್ದ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹೊಲಿಗೆ ಒಂದೇ ಸಮ ಇತ್ತು. ಎಡಗೈ ಹೆಬ್ಬೆರಳಿನ ಉಗುರಿನ ಅಗಲಕ್ಕೆ ಒಂದೊಂದು. ಅಷ್ಟು ಸಮ ಹೊಲಿಗೆ ಕಣ್ಣಿನಿಂದ ಬರುವುದಿಲ್ಲ.

ಇಷ್ಟೆಲ್ಲ ಕಂಡರೂ ನಾನು ಒಪ್ಪಲಿಲ್ಲ. ಅಕ್ಕನ ಗಂಡ, ನನ್ನ ಭಾವ, ಬ್ಯಾಂಕಿನಲ್ಲಿ ಜವಾನರಾಗಿ ನಿವೃತ್ತರಾದವರು, ಹೆಚ್ಚು ಮಾತಿನವರಲ್ಲ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

"ಖರೇ ಹೇಳವ್ವಾ. ಆಕಿಗೆ ಕಾಣ್ತಿತ್ತೋ ಇಲ್ಲೋ?"

"ಕಾಣ್ತಿತ್ರಿ ಭಾವಾರ. ಯಾವ ಬಾಜು ಅಂತನೂ ಹೇಳಿದ್ಲು."

ಅವರು ತಲೆಯಾಡಿಸಿ ಹೋದರು. ಅವರಿಗೆ ಆ ಮಾತು ಬೇಕಿತ್ತು. ಕಾಲು ಜಾರಿ ಬಿದ್ದಳು ಎಂದರೆ ಯಾರ ತಪ್ಪೂ ಅಲ್ಲ. ಕಾಣದೆ ಬಿದ್ದಳು ಎಂದರೆ, ಒಂದು ಸಣ್ಣ ಆಪರೇಶನ್ನಿನಿಂದ ಸರಿಹೋಗುವ ಕಣ್ಣನ್ನು ಒಂದೇ ಮನೆಯಲ್ಲಿದ್ದ ನಾವ್ಯಾರೂ ಗಮನಿಸಲಿಲ್ಲ ಎಂದಾಗುತ್ತದೆ. ನನಗೂ ಆ ಮಾತು ಬೇಕಿತ್ತು. ವರ್ಷವಿಡೀ ಅದನ್ನೇ ಗಟ್ಟಿಯಾಗಿ ಹಿಡಿದಿದ್ದೆ.

ಆ ಚಳಿಗಾಲದಲ್ಲಿ ನನ್ನ ಕಣ್ಣು ತೋರಿಸಲು ಕೋಟೆಯ ಹತ್ತಿರದ ಒಂದು ಚಾಳೀಸಿನ ಅಂಗಡಿಗೆ ಹೋದೆ. ಕನ್ನಡಕಕ್ಕೆ ನಾವು ಈಗಲೂ ಚಾಳೀಸು ಎನ್ನುತ್ತೇವೆ. ಅಂಗಡಿಯ ಯಜಮಾನ ಬಿಳಿ ಗಡ್ಡದ ಮುಸ್ಲಿಂ ಹಿರಿಯ, ಎಲ್ಲರಿಗೂ ಚಾಚಾ. ಗೋಡೆಯ ತಖ್ತೆಯ ಮೇಲೆ ಮೂರು ಹಲ್ಲಿನ ಬಾಚಣಿಕೆಯಂಥ ಗುರುತುಗಳಿದ್ದವು, ಓದು ಬಾರದವರಿಗಾಗಿ. ಒಂದೊಂದು ಒಂದೊಂದು ಕಡೆ ಬಾಯಿ ತೆರೆದಿತ್ತು.

"ಇದರ ಬಾಯಿ ಯಾವ ಬಾಜು?"

"ಮ್ಯಾಲ."

"ಇದರದು?"

"ಎಡಕ್ಕ."

"ಕಾಣ್ತದೇನು ಅಂತ ನಾನು ಯಾರಿಗೂ ಕೇಳೂದಿಲ್ರಿ ಅಕ್ಕಾ," ಎಂದರು ಚಾಚಾ, ಗಾಜು ಬದಲಿಸುತ್ತಾ. "ಹಂಗ ಕೇಳಿದ್ರ ಎಲ್ಲಾರೂ ಹಾಂ ಅಂತಾರ. ಮಂದಿಗೆ ಕುರುಡರಾಗೂದು ನಡೀತದ, ಕಾಣೂದಿಲ್ಲ ಅನ್ನೂದು ನಡ್ಯೂದಿಲ್ಲ. ಯಾವ ಬಾಜು ಅಂತ ಕೇಳಬೇಕು. ಬಾಜು ಸುಳ್ಳ ಹೇಳೂದಿಲ್ಲ."

ಅಕ್ಕನ ವಿಷಯ ಹೇಳಿದೆ. ನಾನು ಬಾಜು ಕೇಳಿದ್ದೆ, ಅವಳು ಹೇಳಿದ್ದಳು.

"ಹಂಗಾರ ಕಂಡಿರಬೇಕು," ಎಂದರು. ಆಮೇಲೆ ಆ ನಕ್ಷತ್ರದ ಮಾತಿಗೆ ಅವರ ಮುಖ ಅರಳಿತು. "ನಮ್ಮ ದಾದಾ, ಅಂದ್ರ ಅಜ್ಜ, ಅದಕ್ಕ ಸುಹಾ ಅಂತಿದ್ರು. ಅವರ ಕಾಲಕ್ಕ ಈ ತಖ್ತಾ ಎಲ್ಲಿತ್ರಿ? ಸುಹಾ ಕಂಡ್ರ ಕಣ್ಣು ಪಾಸ್. ಈಗ ನಮ್ಮ ಮೊಮ್ಮಗಳು ಕಾಲೇಜಿನಾಗ ಓದಿ ಬಂದು ಹೇಳ್ತಾಳ, ಅವು ಎರಡಲ್ಲಂತ, ಆರಂತ. ದೊಡ್ಡದು ಅನ್ನೂದರಾಗ ನಾಕು, ಸಣ್ಣದರಾಗ ಎರಡು. ನಾ ಅಂದೆ, ಬೇಟಿ, ನನ್ನ ಗಿರಾಕಿಗೆ ಎರಡು ಕಂಡ್ರ ಸಾಕವ್ವಾ, ಆರು ಕಂಡ್ರ ಅದಕ್ಕ ಬ್ಯಾರೆ ದವಾಖಾನಿ ಐತಿ."

ಆರು ಎಂಬ ಮಾತು ನನಗೆ ವಿಚಿತ್ರ ಅನ್ನಿಸಲಿಲ್ಲ. ಓಣಿಯವರಿಗೆ ನಾವು ಪಿಕೋ ಮನೆಯ ಇಬ್ಬರು ನೆಗೆಣ್ಣಿಯರು. ಆದರೆ ಒಳಗೆ ಅತ್ತೆ, ಅಣ್ಣ–ತಮ್ಮ, ನನ್ನ ಮಗಳು ಸೇರಿ ಆರು ಜನ ಒಂದೇ ಒಲೆಯಲ್ಲಿ ಉಂಡವರು. ದೂರದಿಂದ ನೋಡುವವರ ಲೆಕ್ಕ ಯಾವಾಗಲೂ ಕಡಿಮೆಯೇ. ಆ ದಿನ ಅಂಗಡಿಯಿಂದ ಹಗುರಾಗಿ ನಡೆದು ಬಂದೆ.

ವರ್ಷ ತುಂಬಿತು. ಮನೆಯ ತಿಥಿ ಮುಗಿದ ಮೇಲೆ ಅವಳ ತವರಿಗೆ ಹೋಗಿ ಬರಬೇಕೆನಿಸಿತು. ಬೆಳಗಾವಿಯಿಂದ ರೈಲು ಹತ್ತಿ ಖಾನಾಪುರ ದಾಟಿ ಗುಂಜಿಯಲ್ಲಿ ಇಳಿದೆ. ಅಕ್ಕನ ಅಣ್ಣನ ಹೆಂಡತಿ, ನಾವೆಲ್ಲ ವೈನಿ ಎನ್ನುವವರು, ಎಮ್ಮೆಗಳನ್ನು ಕಟ್ಟಿ ಆಗಷ್ಟೇ ಕೈಕಾಲು ತೊಳೆದಿದ್ದರು. ಅವರ ಮಾತಿನಲ್ಲಿ ಕನ್ನಡ ಮುಗಿದು ಮರಾಠಿ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ. ನನ್ನ ಜೊತೆ ಕನ್ನಡವನ್ನೇ ಆಡುತ್ತಾರೆ.

ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಮೋಡ ಒಡೆಯಿತು. ಚಹಾ ಕುಡಿದು ಇಬ್ಬರೂ ಅಂಗಳದಲ್ಲಿ ನಿಂತಿದ್ದೆವು. ರೈಲು ಹಳಿಯ ಆಚೆ ಕಾಡು, ಕಾಡಿನ ಮೇಲೆ ಸಪ್ತರ್ಷಿಗಳು ತಲೆಕೆಳಗಾಗಿ ಇಳಿಯುತ್ತಿದ್ದರು. ಹಿಡಿಕೆಯ ತುದಿಯಿಂದ ಎರಡನೆಯದನ್ನು ಹಿಡಿದೆ. ಅದರ ಕೆಳಗೆ, ಸ್ವಲ್ಪ ಬಲಕ್ಕೆ ನೋಡಿದೆ.

ಏನೂ ಇರಲಿಲ್ಲ.

ಹೊಸ ಚಾಳೀಸು ಒರೆಸಿ ಹಾಕಿಕೊಂಡೆ. ಮತ್ತೆ ಕೆಳಗೆ ನೋಡಿದೆ. ಖಾಲಿ ಕತ್ತಲೆ. ಅತ್ತೆಯ ಆರು ತಿಂಗಳ ಮಾತು, ಇಷ್ಟು ವಯಸ್ಸಾದ ಮೇಲೂ, ನೆನಪಾಯಿತು.

"ಏನ ಹುಡಕಾಕತ್ತೀರಿ?" ಎಂದರು ವೈನಿ.

"ಅರುಂಧತಿ ಕಾಣವಲ್ದು ವೈನಿ."

"ಅಲ್ಲೇ ಐತಲ್ರಿ, ಮ್ಯಾಲ! ವಸಿಷ್ಠನ ನೆತ್ತಿ ಮ್ಯಾಲ ಕುಂತಾಳ."

ಕಣ್ಣೆತ್ತಿದೆ. ಇತ್ತು. ದೊಡ್ಡದರ ಮೇಲೆ, ಒಂಚೂರು ಬಲಕ್ಕೆ, ಬೆಳಗಾವಿಯಲ್ಲಿ ಎಂದೂ ಕಾಣದಷ್ಟು ಸ್ಪಷ್ಟವಾಗಿ.

"ಅದು ಕೆಳಗ ಇರ್ತೈತಲ್ರಿ?"

"ಬ್ಯಾಸಗ್ಯಾಗ. ಹತ್ತೂ ಮುಂದ ಕೆಳಗ, ಇಳಿಯೂ ಮುಂದ ಮ್ಯಾಲ. ಧ್ರುವನ ಸುತ್ತ ಬೀಸುಕಲ್ಲ ತಿರಗಿದಂಗ ತಿರಗ್ತಾರ ಅವರು. ಗೂಟ ಒಮ್ಮೆ ನಿಮ್ಮ ಕಡೆ, ಒಮ್ಮೆ ನನ್ನ ಕಡೆ. ನಿಮಗ ಗೊತ್ತಿಲ್ಲೇನು?"

"ಅಕ್ಕ ಕೆಳಗ ಅಂತ ಕಲಿಸಿದ್ಲು."

"ಆಕಿಗೇನ ಗೊತ್ತು! ಮಳಿಗಾಲದಾಗ ಒಲಿ ಮುಂದಿಂದ ಎದ್ದು ಅಂಗಳಕ್ಕ ಬಂದಾಕಿ ಅಲ್ಲ ನಿಮ್ಮ ಅಕ್ಕ."

ನಾನು ನಿಂತಲ್ಲೇ ಎಲ್ಲವನ್ನೂ ಒಂದು ಸಲ ಎಣಿಸಿದೆ. ಆ ಸಾದಾ ದಿನವೂ ಇದೇ ಭಾದ್ರಪದ, ಇದೇ ದಿಕ್ಕು, ಇದೇ ಹೊತ್ತು. ಅರುಂಧತಿ ಮೇಲಿದ್ದಳು. ಅಕ್ಕ ಕೆಳಗೆ ಎಂದಳು. ಬಲಕ್ಕೆ ಎಂಬ ಅರ್ಧ ಸರಿ, ಕೆಳಗೆ ಎಂಬ ಅರ್ಧ ತಪ್ಪು. ಅವಳು ಆಕಾಶ ನೋಡಿ ಹೇಳಿರಲಿಲ್ಲ, ಬೇಸಿಗೆಯ ನೆನಪಿನಿಂದ ಹೇಳಿದ್ದಳು. ಮತ್ತು ನಾನು? ನೋಡಿದ್ದರೆ ಆಗಲೇ ನಗುತ್ತಿದ್ದೆ, ತಪ್ಪಕ್ಕಾ ಎನ್ನುತ್ತಿದ್ದೆ. ನನ್ನ ತೋಳಿನ ಮೇಲೆ ಪಟ್ಟಿಗಳಿದ್ದವು. ನಾನು ತಲೆ ಎತ್ತಿ ಅರುಂಧತಿಯನ್ನು ಹುಡುಕಲೇ ಇಲ್ಲ. ಭಟ್ಟರ ಹಾಗೆ ಕೇಳಿದೆ, ಮದುಮಗಳ ಹಾಗೆ ಅವಳು ಹೇಳಿದಳು.

"ವೈನಿ, ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು."

ವೈನಿ ಸೆರಗು ಹೆಗಲಿಗೆ ಎಳೆದುಕೊಂಡರು. "ನನಗ ಗೊತ್ತಿತ್ತು. ನಾಗರ ಪಂಚಮಿಗೆ ಬಂದಾಗ ಹೇಳಿದ್ಲು. ಮಳಿ ಮುಗದ ಮ್ಯಾಲ ಆಪರೇಶನ್ ಮಾಡಸ್ತೀನಿ, ಅಲ್ಲೀಮಟ ತಂಗಿಗೆ ಹೇಳಬ್ಯಾಡ್ರಿ ಅಂದ್ಲು. ಚಿಕ್ಕಿ ಕಾಣವಲ್ದು ಅಂದ್ರ ಆಕಿ ಆರ ತಿಂಗಳ ಎಣಸ್ಕೋತ ಕುಂದರತಾಳ, ಊಟ ಬಿಡತಾಳ, ಆಕೀನ್ನ ಸಂಬಾಳಸೂದು ಪೊರಿ ತಗಸೂದಕ್ಕಿಂತ ತ್ರಾಸು ಅಂದ್ಲು."

ನನಗೆ ನಗು ಬಂತು. ಅದು ಅಕ್ಕನದೇ ಮಾತು, ಅವಳ ಧಾಟಿಯಲ್ಲೇ ಇತ್ತು. ಆಮೇಲೆ ಅಳು ಬಂತು. ವೈನಿ ತಡೆಯಲಿಲ್ಲ. ಎಮ್ಮೆಗಳಿಗೆ ಹುಲ್ಲು ಹಾಕಲು ಹೋದರು.

ಮರುದಿನ ಮನೆಗೆ ಬಂದವಳೇ ಭಾವನ ಎದುರು ನಿಂತೆ.

"ಭಾವಾರ, ನಾ ತಪ್ಪ ಹೇಳಿದ್ದೆ. ಅಕ್ಕಗ ಅವತ್ತ ಕಂಡಿರಲಿಲ್ಲ." ಬೀಸುಕಲ್ಲಿನ ಮಾತು, ಪಂಚಮಿಯ ಮಾತು ಎಲ್ಲ ಹೇಳಿದೆ.

ಅವರು ಪೇಪರ್ ಮಡಚಿ ಇಟ್ಟರು. "ನಿನಗ ಸುಳ್ಳ ಹೇಳಿದ್ಲು ಅಂದ್ರ ನೀನು ಕೇಳೀದಿ ಅಂತಾತು," ಎಂದರು. "ನಾ ಕೇಳೇ ಇಲ್ಲ." "ನೀ ಕಣ್ಣ ತೋರಿಸಿದ ಆ ಚಾಳೀಸಿನವರ ಅಂಗಡಿ ಎಲ್ಲಿ ಬರತೈತಿ?" ಎಂದು ಕೇಳಿದರು. ಆ ವಾರವೇ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಮೆಟ್ಟಿಲಿಗೆ ಒಂದು ಬಲ್ಬು ಹಾಕಿಸಿದರು. ಅದು ಹಗಲಿನಲ್ಲೂ ಉರಿಯುತ್ತದೆ. ಯಾರೂ ಆರಿಸುವುದಿಲ್ಲ.

ಖರೆಯ ಮಾತು ಗೊತ್ತಾದ ಮೇಲೆ ನನಗೆ ಭಾರ ಹೆಚ್ಚಾಗಬಹುದೆಂದು ಅಂಜಿದ್ದೆ. ಹಾಗಾಗಲಿಲ್ಲ. ಒಪ್ಪದ ಮಾತನ್ನು ವರ್ಷವಿಡೀ ಹಿಡಿದು ನಿಲ್ಲುವುದಕ್ಕಿಂತ ಇದು ಹಗುರ. ಅವಳು ನನ್ನನ್ನು ನಂಬದೆ ಮುಚ್ಚಿಡಲಿಲ್ಲ, ನನ್ನ ಅಂಜಿಕೆಯನ್ನು ಬಲ್ಲವಳಾಗಿ ಮುಚ್ಚಿಟ್ಟಳು. ಅತ್ತೆಯ ಆರು ತಿಂಗಳ ಮಾತನ್ನು ನಾನು ಮನೆಯಿಂದ ತೆಗೆದುಹಾಕಿದ್ದೇನೆ. ಸೀರೆ ತರುವ ಹೆಂಗಸರಲ್ಲಿ ಯಾರಾದರೂ ಬಣ್ಣಕ್ಕೆ ತಡವರಿಸಿದರೆ ಚೀಟಿ ಬರೆಯುವ ಮೊದಲು ಕಣ್ಣಿನ ವಿಷಯ ಕೇಳುತ್ತೇನೆ. ಕಾಣ್ತೈತೇನು ಎಂದು ಕೇಳುವುದಿಲ್ಲ. ಸೂಜಿ ಕೊಟ್ಟು ಪೋಣಿಸಿ ನೋಡ್ರಿ ಎನ್ನುತ್ತೇನೆ. ಇಬ್ಬರು ಆಪರೇಶನ್ ಮಾಡಿಸಿಕೊಂಡಿದ್ದಾರೆ. ಒಬ್ಬಾಕೆ ಬೈದು ಸೀರೆ ವಾಪಸು ಒಯ್ದಳು, ಮೂರು ತಿಂಗಳ ನಂತರ ಅದೇ ಸೀರೆ ತಂದಳು.

ಈ ಬೇಸಿಗೆ ನನ್ನ ಮಗಳ ಮದುವೆಯಾಯಿತು. ಮಧ್ಯಾಹ್ನ ಭಟ್ಟರು ಆಕಾಶಕ್ಕೆ ಬೆರಳು ಮಾಡಿ ಕೇಳಿದಾಗ ನಾನು ಹಿಂದೆ ನಿಂತಿದ್ದೆ. ಅವಳ ಸೊಂಟ ಚಿವುಟಿದೆ.

"ಕಾಣವಲ್ದು ಅನ್ನ."

"ಈಗ ಕಾಣವಲ್ದ್ರಿ," ಎಂದಳು ಮಗಳು. "ಸಂಜೀಕ ನೋಡತೀನ್ರಿ."

ಭಟ್ಟರು ನಕ್ಕರು. "ಆಗಲಿ ತಾಯಿ, ಊಟಕ್ಕೇನು ಅಡ್ಡಿಯಿಲ್ಲಲ್ಲ?" ಎಂದರು.

ಸಂಜೆ ಮದುಮಕ್ಕಳನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ಮಗಳ ಗದ್ದ ಹಿಡಿದು ಎತ್ತಿದೆ. ನಾನೂ ತಲೆ ಎತ್ತಿ, ಮೊದಲು ನಾನು ನೋಡಿ, ಆಮೇಲೆ ಕೇಳಿದೆ. ಯಾವ ಬಾಜು? ಕೆಳಗ, ಒಂಚೂರು ಬಲಕ್ಕ, ಎಂದಳು. ಬೇಸಿಗೆಗೆ ಅದು ಸರಿ ಎಂದೆ. ಭಾದ್ರಪದಕ್ಕೆ ಬಂದು ಮತ್ತೊಮ್ಮೆ ನೋಡಬೇಕೆಂದೂ ಹೇಳಿದೆ.

ನನ್ನ ಕಣ್ಣುಗಳು ಚೆನ್ನಾಗಿವೆ. ಕೆಲಸಕ್ಕೆ ಬೇಕಾದ ಸೂಜಿಯನ್ನು ಆಗಿಂದಾಗಲೇ ನಾನೇ ಪೋಣಿಸಿಕೊಳ್ಳುತ್ತೇನೆ. ಬೆಳಿಗ್ಗೆ ಹನ್ನೆರಡು ಸೂಜಿ ಪೋಣಿಸಿ ಇಡು ಎನ್ನುವವರು ಮನೆಯಲ್ಲಿ ಇಲ್ಲ.